ಠಾಣೆಯ ದೇವರಿಗೆ ಮೊದಲ ಮೊಳ

ಈ ಶುಕ್ರವಾರ ಪೂಜೆಗೆ ಹೂವಿನ ಪೊಟ್ಟಣ ಬಿಚ್ಚಿದರೆ ಮಲ್ಲಿಗೆಯ ನಡುವೆ ಒಂದು ಕುಡಿ ಮರುಗ. ಆ ಘಮಕ್ಕೆ ನಮ್ಮ ಹೂವಿನಕ್ಕ ಕಣ್ಣ ಮುಂದೆ ಬಂದು ನಿಂತಳು...

ಕಂಪಲಾಪುರದ ಕಡೆಯವಳು. ನಮ್ಮ ಬೀದಿಯ ತುದಿಯಲ್ಲಿ, ಪೊಲೀಸ್ ಠಾಣೆಯ ಎದುರು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಬೆಳಿಗ್ಗೆ ಅಳೆದ ಮೊದಲ ಮೊಳ ಠಾಣೆಯೊಳಗಿನ ಆಂಜನೇಯನ ಪಟಕ್ಕೆ. ಆಮೇಲೇ ನಮಗೆ. ನನಗಂತೂ ಕೇಳದಿದ್ದರೂ ಒಂದು ಗೇಣು ಹೆಚ್ಚು.

ಒಂದು ದಿನ ಯಾರೋ ದೊಡ್ಡವರು ಬರುತ್ತಾರೆಂದು ಪುರಸಭೆಯವರು ಅವಳ ಬುಟ್ಟಿಯನ್ನು ಲಾರಿಗೆ ಎಸೆದರು. ಅಡ್ಡ ಹೋದವಳನ್ನು ಪೊಲೀಸರು ಲಾಠಿಯಲ್ಲಿ ಹೊಡೆದು, ಸಂಜೆವರೆಗೂ ಠಾಣೆಯಲ್ಲಿ ಕೂರಿಸಿದರು. ಬಲಗೈ ಊದಿಕೊಂಡಿತ್ತು. ಇನ್ನು ಆ ಜಾಗದಲ್ಲಿ ಕಂಡರೆ ಒಳಗೆ ಹಾಕುತ್ತೇವೆ ಎಂದರಂತೆ. ಅವಳು ಒಬ್ಬ ಲಾಯರನ್ನು ಹಿಡಿದು ಪುರಸಭೆ, ಪೊಲೀಸು ಇಬ್ಬರ ಮೇಲೂ ಕೇಸು ಹಾಕಿಯೇಬಿಟ್ಟಳು. ಪೊಲೀಸರ ಮೇಲೆ ಕೇಸು ಹಾಕಿ ಈ ಊರಲ್ಲಿ ಬಾಳುವುದುಂಟೇ ಎಂದರು ನಮ್ಮ ಯಜಮಾನರು. ಆದರೂ ಅವಳು ನಮ್ಮ ಜಗಲಿಯ ಮೇಲೆ ಕೂತು ಹೂ ಕಟ್ಟುವುದಕ್ಕೆ ಅವರು ಬೇಡ ಎನ್ನಲಿಲ್ಲ. ದೇವರು ದೊಡ್ಡವನು.

ವಿಚಿತ್ರವೆಂದರೆ, ಎಡಗೈಯಲ್ಲಿ ಅಳೆದ ಮೊದಲ ಮೊಳವನ್ನು ಅವಳು ಆಗಲೂ ಠಾಣೆಗೇ ಒಯ್ಯುತ್ತಿದ್ದಳು. ಇದೇನಕ್ಕಾ ಎಂದೆ.

"ಕೇಸ್ ಆಕಿರೋದು ಅವ್ರ ಮ್ಯಾಲೆ ಕಣವ್ವ. ಆಂಜ್ನೇಯ ಏನ್ ಮಾಡ್ದಾ ಪಾಪ? ಅವ್ನೂ ನನ್ನಂಗೇ, ಅವ್ರು ಕೂರ್ಸಿದ್ ಕಡೆ ಕೂತವ್ನೆ."

ಇದು ತಿಳಿದು ಅವಳ ಲಾಯರು ತಲೆ ಚಚ್ಚಿಕೊಂಡರು. ಅವರು ಹೆದರಿದಂತೆಯೇ ಆಯಿತು. ನಾನೂ ಜೊತೆಗೆ ಹೋಗಿದ್ದ ದಿನ, ಎದುರಿನ ವಕೀಲರು ಕೋರ್ಟಿನಲ್ಲಿ ಅದನ್ನೇ ಎತ್ತಿದರು: ನಿಜಕ್ಕೂ ಹೊಡೆದಿದ್ದರೆ ಅದೇ ಠಾಣೆಗೆ ದಿನಾ ಹೂ ಕೊಡುತ್ತಿದ್ದೆಯಾ? ಕೇಸು ಬಿದ್ದೇಹೋಯಿತು ಎಂದು ನಾನು ಕೂತಲ್ಲೇ ರಾಮಜಪ ಶುರುಮಾಡಿದೆ. ಅವಳು ನ್ಯಾಯಾಧೀಶರ ಕಡೆ ತಿರುಗಿದಳು.

"ದ್ಯಾವ್ರಿರೋದೂ ಅಲ್ಲೇ, ವಡ್ದೋರಿರೋದೂ ಅಲ್ಲೇ ಸ್ವಾಮಿ. ಅವ್ನಿಗೆ ಊವ, ಇವ್ರಿಗೆ ಕೇಸು. ಯಾರ್ದು ಅವ್ರಿಗೆ."

ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿದರು.

ವರ್ಷಗಳು ಎಳೆದವು... ಕೊನೆಗೆ ಆದೇಶ ಬಂತು. ಜಾಗ ಅವಳದೇ, ನೋಟಿಸು ಕೊಡದೆ ಎಬ್ಬಿಸಬಾರದು, ಮೈ ಮುಟ್ಟಬಾರದು. ಮತ್ತೆ ಅಲ್ಲಿ ಬುಟ್ಟಿ ಇಟ್ಟು ಒಂದು ಬೇಸಿಗೆ, ಒಂದು ಮಳೆಗಾಲ ಕೂತಳು. ಆಮೇಲೆ ಜ್ವರ ಬಂದು ಮಲಗಿದವಳು ಏಳಲಿಲ್ಲ. ಗೆದ್ದು ಕೂತು ಹೋದಳಲ್ಲ, ಅಷ್ಟಾದರೂ ಭಗವಂತ ನಡೆಸಿಕೊಟ್ಟ.

ಈಗ ಆ ಜಾಗದಲ್ಲಿ ಬೇರೊಬ್ಬಳಿದ್ದಾಳೆ. ನಾನು ಹೋದಾಗ ಒಂದು ಮೊಳ ಪಕ್ಕಕ್ಕೆ ಎತ್ತಿಟ್ಟಿದ್ದಳು. ಠಾಣೆಯ ಪಟಕ್ಕಂತೆ. ಈ ಜಾಗದ ಪದ್ಧತಿಯಂತೆ, ಯಾರು ಮಾಡಿದ್ದೋ ಗೊತ್ತಿಲ್ಲವಂತೆ. ನಾನು ನಿಂತು ಎಲ್ಲ ಹೇಳಿದೆ. ಕೇಳಿಸಿಕೊಂಡು, ನನಗೆ ಸರಿಯಾಗಿ ಒಂದು ಮೊಳ ಅಳೆದು ಕೊಟ್ಟಳು.

ಗೇಣು ಹೆಚ್ಚು ಕೊಡುವವಳು ಇನ್ನೆಲ್ಲಿ...