ಬುಟ್ಟಿಯಲ್ಲಿ ಉಳಿದ ಯೂರಿಯಾ

೧೯೮೮ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಇಯತ್ತೆ. ನಾಚಿಕೆಯೇನಿಲ್ಲ, ಅಂದಿನಿಂದ ದುಡಿದೇ ಉಂಡಿದ್ದೇನೆ. ಹೊಲ ಬಹಳ ಕಲಿಸಿದೆ. ಆದರೆ ಯೂರಿಯಾ ಹಿಡಿದ ನಮ್ಮಣ್ಣನ ಕೈ ತಡೆಯುವುದು ಹೇಗೆ ಅಂತ ಮಾತ್ರ ಕಲಿಸಲಿಲ್ಲ.

ಎಮ್ಮೆಗಳ ಮೇವಿಗೆ ಅಂತ ಕೃಷಿಹೊಂಡದ ಬಾಜು ಒಂದು ಪಟ್ಟಿ ಕುದುರೆಮೆಂತೆ ಬಿತ್ತಿದ್ದೆ. ಬೀಜಕ್ಕೆ ಬೆಲ್ಲದ ನೀರು ಸವರಿ, ಜೀವಾಣು ಗೊಬ್ಬರದ ಪುಡಿ ಹಚ್ಚಿ, ನೆರಳಲ್ಲಿ ಆರಿಸಿ. (ಮಗಳ ಮದುವೆಯಲ್ಲೂ ಇಷ್ಟು ಜೋಪಾನ ಮಾಡಿರಲಿಲ್ಲ ಅಂತ ಹೆಂಡತಿಯ ಟೀಕೆ.) ಆ ಪುಡಿಯಲ್ಲಿನ ಜೀವಾಣುಗಳು ಬೇರಿಗೆ ಗಂಟು ಕಟ್ಟಿಕೊಂಡು, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ. ಬದಲಿಗೆ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ.

ಅಣ್ಣನೊಡನೆ ಕರಾರು ಆಗಿತ್ತು. ಈ ಪಟ್ಟಿಗೆ ಯೂರಿಯಾ ಹಾಕುವುದಿಲ್ಲ. ಮೇವು ಚಲೋ ಬಂದರೆ ಮುಂದಿನ ವರ್ಷ ನಮ್ಮ ಕೂಡು ಹೊಲದಲ್ಲಿ ಇನ್ನಷ್ಟು ಕುದುರೆಮೆಂತೆ. ಬಾರದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಅವನು ಹೇಳಿದ ಗೋವಿನಜೋಳ ಬಿತ್ತಬೇಕು.

ಬೀಗರ ಮನೆಯ ಕಾರ್ಯಕ್ಕೆ ಅಣ್ಣಿಗೇರಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅಣ್ಣ ಗೋವಿನಜೋಳಕ್ಕೆ ಯೂರಿಯಾ ಚೆಲ್ಲಿ, ಉಳಿದದ್ದನ್ನು ನನ್ನ ಪಟ್ಟಿಗೆ ಎರಚಿ, ನೀರನ್ನೂ ಬಿಟ್ಟಿದ್ದ.

“ಯಾಕಣ್ಣಾ?”

“ಬುಟ್ಟ್ಯಾಗ ಉಳದಿತ್ತು. ಮನಿಗೆ ಒಯ್ದ್ರ ಥಂಡಿ ಹಿಡದು ಕಲ್ಲಾಗತೈತಿ. ನಿನ್ನ ಗಿಡಾನೂ ಕಾಮಣಿ ಆದವರಂಗ ಹಳದಿ ನಿಂತಿದ್ವು. ಪಾಪ ಅನಿಸ್ತು.”

ಪಾಪ ಅನಿಸಿತಂತೆ. ಗಂಟು ಕೆಲಸ ಹಿಡಿಯುವ ತನಕ ಎಳೆ ಸಸಿ ಸ್ವಲ್ಪ ಹಳದಿ ಇದ್ದೇ ಇರುತ್ತದೆ. ಅಷ್ಟು ತಾಳ್ಮೆ ಬೇಡವೇ? ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ರೆಡಿ ಊಟ ಸಿಕ್ಕ ಗಿಡ ಗಂಟಿಗೆ ಸಕ್ಕರೆ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಇದ್ದ ಗಂಟು ಸೊರಗುತ್ತವೆ, ಹೊಸವು ಸರಿಯಾಗಿ ಕಟ್ಟುವುದಿಲ್ಲ. ಲಾಭ ಯಾರಿಗೆ? ನಡುವೆ ಎದ್ದ ಕರಿಕೆ ಹುಲ್ಲಿಗೆ.

ಕೆಲವು ವಾರ ಬಿಟ್ಟು ಅಣ್ಣನನ್ನು ಹೊಲಕ್ಕೆ ಕರೆದೊಯ್ದೆ. ಪಟ್ಟಿಯ ನಡುವಿನದೊಂದು ಗಿಡ ಕಿತ್ತೆ. ಬುಟ್ಟಿ ಖಾಲಿಯಾಗಿ ಯೂರಿಯಾ ಬೀಳದೆ ಉಳಿದ ಮೂಲೆಯದೊಂದು ಕಿತ್ತೆ. ಉಗುರಿನಿಂದ ಗಂಟು ಸೀಳಿ ತೋರಿಸಿದೆ. ನಡುವಿನದು ಒಳಗೆ ಬೂದು ಹಸಿರು. ಮೂಲೆಯದು ನಸುಗೆಂಪು, ಅಂದರೆ ಕೆಲಸ ನಡೆದಿದೆ.

ಅಣ್ಣ ಕನ್ನಡಕ ಏರಿಸಿ ನೋಡಿದ.

“ತಮ್ಮಾ, ಕೆಂಪಗಾಗೇತಿ ಅಂದ್ರ ಬ್ಯಾನಿ ಹತ್ತೇತಿ. ಆ ಮೂಲಿಗೂ ಒಂದ ಬೊಗಸಿ ಒಗೀಬೇಕಿತ್ತು.”

“ಅಣ್ಣಾ, ಗಂಟು ಕೆಂಪಗಿದ್ರನ ಚಲೋ.”

“ಹಸರು ಯಾವುದು ಜಾಸ್ತಿ ಐತಿ? ನಡಕಿಂದು. ಕಣ್ಣಿಲ್ಲೇನ್ಲೇ ನಿನಗ?”

ಬುತ್ತಿ ತಂದಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ, ಬದುವಿನ ಮೇಲೆ ಕುಳಿತು ಕೇಳಿದರು: “ಅಣ್ಣ ತಮ್ಮ ಇಬ್ಬರೂ ಬೇರು ಕಿತ್ತಗೊಂತ ಕುಂತ್ರ ಎಮ್ಮಿಗೆ ಏನ್ ಹಾಕ್ತೀರಿ?”

ನಡುಪಟ್ಟಿ ಹಸಿರಾಗಿರುವುದು ನಿಜ. ಬಗ್ಗಿ ನೋಡಿದರೆ ಅರ್ಧ ಕರಿಕೆ. ಆದರೆ ಬಗ್ಗುವವರು ಯಾರು? ನಮ್ಮೂರಲ್ಲಿ ಹೊಲದ ಜಡ್ಜ್‌ಮೆಂಟ್ ಆಗುವುದು ಬೈಕ್ ಮೇಲಿಂದ. ದಾರಿಯಲ್ಲಿ ಹೋಗುವವರೆಲ್ಲ ಅಣ್ಣನಿಗೆ ಶಭಾಷ್ ಅನ್ನುತ್ತಾರೆ. ತನ್ನಷ್ಟಕ್ಕೆ ದುಡಿಯುವುದನ್ನು ದುಡಿಯಲು ಬಿಡುವುದು ನಮಗೆ ಯಾಕೆ ಇಷ್ಟು ಕಷ್ಟ?

ಅಣ್ಣನ ತೀರ್ಪು ಆಯಿತು. ಗೆದ್ದದ್ದು ಯೂರಿಯಾ, ಮುಂದಿನ ವರ್ಷ ಗೋವಿನಜೋಳ.

ಸದ್ಯ ನನ್ನ ಕಡೆ ಇರುವುದಿಷ್ಟು: ಮೂರು ಎಮ್ಮೆ, ಒಬ್ಬ ಅಣ್ಣ, ಯೂರಿಯಾ ಬೀಳದ ಒಂದು ಮೂಲೆ.