ಕಡಲ ಮೇಲಿನ ಹಬೆ

ಎಪ್ಪತ್ತರ ದಶಕದ ಮದರಾಸು. ಗಿಂಡಿಯ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಿದ್ದ ನನಗೆ ದೂರದ್ದೆಲ್ಲ ಮಂಜುಮಂಜು. ಹೋಟೆಲಿನಲ್ಲಿ ಅದು ಇಡ್ಲಿಯ ಹಬೆ ಅಂದುಕೊಂಡಿದ್ದೆ.

ರಜೆಯ ಒಂದು ಸಂಜೆ ರಾಯಪುರಂ ದಂಡೆಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರಿಗೆ ನನ್ನ ಹರಕು ತಮಿಳಿನಲ್ಲಿ, "ಈ ಕಡಲ ಮೇಲೆ ಯಾವಾಗಲೂ ಎಷ್ಟು ಮಂಜು ಸಾರ್! ದೀಪಗಳೆಲ್ಲ ಸೇವಂತಿಗೆ ಹೂವಿನ ಹಾಗೆ ಅರಳಿವೆ" ಅಂದೆ.

"ಮಂಜಾ? ಈ ಸೆಕೆಯಲ್ಲಾ, ತಂಬಿ?" ಎಂದವರೇ ತಮ್ಮ ಕನ್ನಡಕ ತೆಗೆದು ನನ್ನ ಮೂಗಿನ ಮೇಲಿಟ್ಟರು.

ಹೂಗಳೆಲ್ಲ ಮುದುಡಿ ಚುಕ್ಕಿಗಳಾದವು. ಅವುಗಳ ಕೆಳಗೆ ಇಡೀ ಒಂದು ಹಡಗು ನಿಂತಿತ್ತು!

"ನಾಳೆಯೇ ಕಣ್ಣು ಪರೀಕ್ಷೆ ಮಾಡಿಸಪ್ಪಾ" ಅಂದರು.

ಮಾಡಿಸಿದೆ. ಹೊಸ ಕನ್ನಡಕ ಏರಿಸಿಕೊಂಡು ಠೀವಿಯಿಂದ ಅಡುಗೆಮನೆಗೆ ಹೋಗಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದೆ. ಗಾಜಿಗೆ ಹಬೆ ಬಡಿಯಿತು. ಲೋಕ ಮತ್ತೆ ಮೊದಲಿನ ಹಾಗೇ ಆಯಿತು.