ಮೇಲೇಳದ ಮನೆ

ಮಿನೆಸೋಟಾದ ಉತ್ತರದ ಗಣಿ ಸೀಮೆಯಲ್ಲಿ ಪಾಯದ ಗೋಡೆ ಎಂದರೆ ಅರ್ವಿಡ್ ನಿಸ್ಕಾಲಾ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಅಗೆಸಿ, ಸಿಮೆಂಟ್ ಬ್ಲಾಕಿನ ತೂತುಗಳಲ್ಲಿ ಕಬ್ಬಿಣದ ಸರಳು ನಿಲ್ಲಿಸಿ, ಕಾಂಕ್ರೀಟ್ ತುಂಬಿಸುತ್ತಿದ್ದ. ಶನಿವಾರ ಸೌನಾ ಎಂಬ ಹಬೆಮನೆಯಲ್ಲಿ ಕೂತ ಗಂಡಸರು ಹೊಗಳಿದರೆ ಉಬ್ಬಿಹೋಗುತ್ತಿದ್ದ. ಹೆಸರಿನ ಹುಚ್ಚು ಅಷ್ಟಿತ್ತು ಮಹಾರಾಯನಿಗೆ.

ಅಲ್ಲಿ ಕೈಯಲ್ಲಿ ಕಾಸಿಲ್ಲದವರು ಮನೆಯನ್ನು ಒಮ್ಮೆಗೇ ಕಟ್ಟುವುದಿಲ್ಲ. ಮೊದಲು ನೆಲಮಾಳಿಗೆ ಕಟ್ಟಿ, ಟಾರು ಕಾಗದದ ಮಾಡು ಹೊದಿಸಿ ವಾಸ; ಅನುಕೂಲವಾದಾಗ ಮೇಲಿನ ಮನೆ. ಅರ್ವಿಡನ ಹೆಂಡತಿ ಹಿಲ್ಯಾಳೂ ಹಾಗೆಯೇ ನೆಲದೊಳಗೆ ಸಂಸಾರ ಹೂಡಿದಳು. ಕಿಟಕಿಯಲ್ಲಿ ಕಾಣುತ್ತಿದ್ದುದು ಹುಲ್ಲಿನ ಬುಡ. ಚಳಿಗಾಲದಲ್ಲಿ ಅದೂ ಇಲ್ಲ. ನೆರೆಯವರೆಲ್ಲ ಒಬ್ಬೊಬ್ಬರಾಗಿ ಮೇಲಿನ ಮನೆ ಎಬ್ಬಿಸಿಕೊಂಡರು. ಇವಳು ಕೇಳಿದಾಗಲೆಲ್ಲ ಅರ್ವಿಡ್ ಮಾತು ತೇಲಿಸುತ್ತಿದ್ದ. ಕೊನೆಗೆ ಅವಳೇ ಕಾಡುಹಣ್ಣು ಮಾರಿ ಮರ ಕೊಂಡಳು.

ಮೇ ತಿಂಗಳಲ್ಲಿ ಅವಳ ತಮ್ಮ, ಬಡಗಿ ತೌನೊ, ಮರವನ್ನು ಲಾರಿಯಲ್ಲಿ ಹೇರಿಕೊಂಡು ಬಂದ.

"ಭಾವ, ತೊಲೆ ಇಳ್ಸೋಕೆ ಕೈ ಹಾಕು. ಅಕ್ಕ ಇಲಿ ತರ ಬಿಲದಲ್ಲಿದ್ದಿದ್ದು ಸಾಕು."

ಅರ್ವಿಡ್ ಕದಲಲಿಲ್ಲ. "ಈ ಗೋಡೆ ಮೇಲೆ ಮನೆ ನಿಲ್ಲಲ್ಲ."

"ನೀನು ಕಟ್ಟಿದ್ದರ ಮೇಲೆ ಇಗರ್ಜಿನೇ ನಿಂತಿದೆಯಲ್ಲ ಮಾರಾಯ!"

ಅರ್ವಿಡ್ ಕೆಳಗಿಳಿದು, ಒಳಗೋಡೆಯ ಗಿಲಾವು ಕೆರೆದು, ಬ್ಲಾಕುಗಳ ನಡುವಿನ ಗಾರೆಗೆ ಮೊಳೆ ಚುಚ್ಚಿದ. ಮರಳು ಸುರಿಯಿತು. ಈ ಗೋಡೆ ಕಟ್ಟಿದ ಅಕ್ಟೋಬರಿನಲ್ಲಿ ಇದ್ದಕ್ಕಿದ್ದಂತೆ ಕೊರೆವ ಚಳಿ ಬಿದ್ದಾಗ, ಇದ್ದಬದ್ದ ಹುಲ್ಲು, ಟಾರ್ಪಾಲನ್ನೆಲ್ಲ ಊರ ಪಾದ್ರಿಗೆ ಕಟ್ಟುತ್ತಿದ್ದ ಹೊಸ ಗೋಡೆಗೆ ಹೊದಿಸಿ ತನ್ನದನ್ನು ಬರಿಮೈಯಲ್ಲಿ ಬಿಟ್ಟಿದ್ದ. ಹಸಿ ಗಾರೆ, ತೂತಿನೊಳಗಿನ ಕಾಂಕ್ರೀಟು ಎರಡೂ ಹೆಪ್ಪುಗಟ್ಟಿ ಹಾಳಾಗಿದ್ದವು. ಹಿಮ ಕರಗಿದಾಗಲೇ ಅವನಿಗೆ ಅದು ಗೊತ್ತಾಗಿತ್ತು. ಗಿಲಾವು ಬಳಿದು ಮುಚ್ಚಿಟ್ಟಿದ್ದ. ಈಗ ಅದನ್ನೆಲ್ಲ ಬಾಯಿಬಿಟ್ಟ.

"ಆಗ್ಲೇ ಒಡೆದು ಕಟ್ಬೋದಿತ್ತಲ್ಲ?" ಹಿಲ್ಯಾ ಕೇಳಿದಳು.

"ನೋಡ್ದೋರು ಏನಂತಾರೆ?"

"ಗೋಡೆ ಕೆಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ನಿನ್ನ ಹೆಸರು ಉಳಿಸ್ಕೊಳ್ಳೋಕೆ ನನ್ನನ್ನ ಹೂತಿಟ್ಟೆಯಲ್ಲ, ಅದಕ್ಕೆ!"

ಮೆಟ್ಟಿಲು ಹತ್ತಿ ಹೋಗಿ ತಮ್ಮನ ಲಾರಿಯಲ್ಲಿ ಕೂತಳು. "ಇದನ್ನ ಒಡೆದು ಹೊಸದಾಗಿ ಕಟ್ಟಿದ ದಿನ ಹೇಳ್ಕಳ್ಸು. ಬರ್ತೀನಿ."

ಆ ಬೇಸಿಗೆಯಲ್ಲಿ ಅರ್ವಿಡ್ ಊರವರಿಗೆ ಎಷ್ಟೋ ಗೋಡೆ ಎಬ್ಬಿಸಿದ. ತನ್ನದಕ್ಕೆ ಸುತ್ತಿಗೆ ಮುಟ್ಟಿಸಲಿಲ್ಲ. ಹೆಂಡತಿ ಬಿಟ್ಟುಹೋದಳಂತೆ ಎಂದು ಜನ ಆಡಿಕೊಂಡರು. ಅದನ್ನು ಅವನು ಸಹಿಸಿಕೊಂಡ. ಅರ್ವಿಡನ ಗೋಡೆ ಕೆಟ್ಟಿತಂತೆ ಎಂದಿದ್ದರೆ ಸಹಿಸುತ್ತಿರಲಿಲ್ಲ.